ಮಾಳಿಗೆಯ ಮೇಲಿನ ಕೆಂಪು ಕೌದಿ

12 ಮಾರ್ಚ್ 2006, ಮುಂಜಾನೆ ಏಳು ಗಂಟೆ.

ಮುನವಳ್ಳಿಯಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಕೌದಿ ಹೊಲಿಯುವ ಅಕ್ಕ ಒಬ್ಬರೇ ಇದ್ದರು. ಯಾರಾದರೂ ವಿಮಾನಕ್ಕೆ ಹೊರಟರೆ, "ಎಡಗಡಿ ಕಿಟಕಿ ಹಿಡೀರಿ, ನಮ್ಮ ಡ್ಯಾಮ್ ಕಾಣತೈತಿ. ಅದರ ಬಾಜೂಕ ನಾ ಇರ್ತೇನಿ" ಎನ್ನುತ್ತಿದ್ದರು. ನಾನು ವಿಮಾನಕ್ಕೆ ಹೊರಟ ಆ ದಿನ ಮಾಳಿಗೆಯ ಮೇಲೆ ಕೆಂಪು ಕೌದಿ ಹಾಸಿ, ಪಕ್ಕದಲ್ಲಿ ನಿಂತು ಮುಗಿಲು ನೋಡುತ್ತಿದ್ದರಂತೆ.

ಬೆಳಗಾವಿಯಿಂದ ಬೆಂಗಳೂರಿಗೆ ಹೋಗುವಾಗ ನಾನೂ ಎಡಗಡೆಯೇ ಕುಳಿತೆ. ಕಿಟಕಿಯ ತುಂಬ ವಿಮಾನದ ರೆಕ್ಕೆ ಇತ್ತು.

ಮರಳಿ ಬಂದಾಗ ಕೇಳಿದರು: "ಕೌದಿ ಕಂಡ್ತೇನೋ ತಮ್ಮಾ?"

"ಪಂಖಾ ಅಡ್ಡ ಬಂತ್ರಿ, ಅಕ್ಕಾರ."

"ಹುಚ್ಚಪ್ಯಾಲಿ! ಹಿಂದಿನ ಸೀಟ ಕೇಳಬೇಕಿತ್ತಲ್ಲೋ" ಎಂದು ನಕ್ಕು, ಸೂಜಿಗೆ ದಾರ ಪೋಣಿಸತೊಡಗಿದರು.

ಹೋದ ವಾರ ಅವರು ತೀರಿಕೊಂಡರು. ನಾನು ಕೇಳಿದ ಯಾರಿಗೂ ಕೌದಿ ಕಂಡಿಲ್ಲ. ಆ ಮುಂಜಾನೆ ಎಡಗಡೆ, ರೆಕ್ಕೆಯ ಹಿಂದೆ ಕುಳಿತು ಹೋದವರು ಯಾರಾದರೂ ಆ ಕೆಂಪನ್ನು, ಅದರ ಪಕ್ಕ ನಿಂತವರನ್ನು ಕಂಡಿದ್ದರೆ, ದಯವಿಟ್ಟು ಬರೆದು ತಿಳಿಸಿರಿ.