ನೋಡುವಾ ಎಂಬ ಬಟನ್

ಕಾಪುವಿನಲ್ಲಿದ್ದಾಗ ನಾವು ಮೂವರು ಸೇರಲು ಒಂದು ಶಿಳ್ಳೆ ಸಾಕಿತ್ತು. ನಾನು ರಸ್ತೆಯಲ್ಲಿ ನಿಂತು ಶಿಳ್ಳೆ ಹೊಡೆದರೆ ಮೊದಲು ಊರಿನ ಸಮಸ್ತ ನಾಯಿಗಳು ಬರುತ್ತಿದ್ದವು, ಅವುಗಳ ಹಿಂದೆ ನನ್ನ ಇಬ್ಬರು ಗೆಳೆಯರು. ಆದಿತ್ಯವಾರ ಸಂಜೆ ಕಡಲತೀರದ ದೀಪಸ್ತಂಭದ ಕೆಳಗಿನ ಬಂಡೆ ನಮ್ಮದು. ಅಲ್ಲಿ ಕುಳಿತು ಏನು ಮಾಡುತ್ತಿದ್ದೆವು ಎಂದರೆ, ಏನೂ ಇಲ್ಲ. ಆದರೆ ಆ ಏನೂ ಇಲ್ಲವನ್ನು ನಮ್ಮಷ್ಟು ಅಚ್ಚುಕಟ್ಟಾಗಿ ಮಾಡುವವರು ಪಡುಬಿದ್ರಿಯಿಂದ ಉಡುಪಿಯವರೆಗೆ ಯಾರೂ ಇರಲಿಲ್ಲ.

ಹತ್ತನೇ ಕ್ಲಾಸು ಮುಗಿದ ಮೇಲೆ ಒಬ್ಬ ಅಮ್ಮನ ಜೊತೆ ಕಾರ್ಕಳದ ಅಜ್ಜಿಮನೆಗೆ ಹೋದ. ಇನ್ನೊಬ್ಬ ಕಾಪುವಿನಲ್ಲೇ ಉಳಿದ. ಆದರೆ ಮಾವನ ಮೀನಿನ ಬೋಟು ಹತ್ತಿದ್ದರಿಂದ ಅವನ ವಿಳಾಸ ಹೆಚ್ಚಾಗಿ ಅರಬ್ಬಿ ಸಮುದ್ರವೇ ಆಯಿತು. ನಮ್ಮ ಮನೆಯವರು ಆದಿ ಉಡುಪಿಗೆ ಬಂದರು, ತರಕಾರಿ ಮಾರ್ಕೆಟ್ ಯಾರ್ಡಿನ ಬೆನ್ನಿಗೆ. ಈರುಳ್ಳಿ ಲಾರಿ ಬಂದ ದಿನ ಇಡೀ ಓಣಿಗೆ ಕಣ್ಣೀರು. ಕಾಪು ನೆನಪಾದಾಗ ಅಳುವುದಕ್ಕೆ ನನಗೆ ಇಷ್ಟು ಒಳ್ಳೆಯ ನೆಪ ಬೇರೆಲ್ಲೂ ಸಿಗುತ್ತಿರಲಿಲ್ಲ.

ಸೆಕೆಂಡ್ ಪಿಯುಸಿ ಮುಗಿದ ರಜೆಯಲ್ಲಿ ಮಣಿಪಾಲದಲ್ಲಿರುವ ದೊಡ್ಡಮ್ಮನ ಮಗಳು ನನ್ನನ್ನು ಕರೆಸಿದಳು. ಅಕ್ಕನೂ ಅವಳ ಇಬ್ಬರು ಗೆಳತಿಯರೂ ಸೇರಿ ಊರಿನ ಸಣ್ಣಪುಟ್ಟ ಗುಂಪುಗಳಿಗೆಂದೇ ಒಂದು ಮೆಸೇಜಿಂಗ್ ಆಪ್ ಮಾಡುತ್ತಿದ್ದರು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಒಂದು ಫ್ಯಾನು. ಆ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಮಾತಾಡುತ್ತಿತ್ತು.

"ನಿನಗೆ ಹೇಗೂ ಪುರ್ಸೊತ್ತು ಉಂಟಲ್ಲ," ಅಕ್ಕ ಹೇಳಿದಳು. "ಒಂದು ಸ್ಕ್ರೀನ್ ಡಿಸೈನ್ ಮಾಡು. ಗ್ರೂಪಿನವರು ಎಲ್ಲಿ ಸೇರುದು, ಯಾವಾಗ ಸೇರುದು, ಯಾರೆಲ್ಲ ಬರುದು, ಎಲ್ಲ ಅದರಲ್ಲೇ ತೀರ್ಮಾನ ಆಗ್ಬೇಕು."

ಮನೆಗೆ ಬಂದು ನಾನು ಕಂಪೆನಿಯ ಮುಖ್ಯ ಡಿಸೈನರ್ ಆದೆ ಎಂದು ಘೋಷಿಸಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಮೇಲಿನ ಕಂಪೆನಿಗಾ, ಕೆಳಗಿನ ಜೆರಾಕ್ಸಿಗಾ?"

ಅಕ್ಕ ಸಾವಿರಾರು ಬಳಕೆದಾರರ ಬಗ್ಗೆ ಮಾತಾಡುತ್ತಿದ್ದಳು. ನನ್ನ ತಲೆಯಲ್ಲಿ ಇದ್ದದ್ದು ಇಬ್ಬರೇ. ಮಳೆಗಾಲ ಶುರುವಾದರೆ ಕಡಲು ಉಕ್ಕುತ್ತದೆಂದು ಬಂಡೆಯ ಕಡೆ ಯಾರನ್ನೂ ಬಿಡುವುದಿಲ್ಲ. ಮಳೆ ಮುಗಿಯುವಾಗ ನಾನು ಯಾವ ಕಾಲೇಜಿನಲ್ಲೋ, ಯಾವ ಹಾಸ್ಟೆಲಿನಲ್ಲೋ. ಅದಕ್ಕಿಂತ ಮೊದಲು ಮೂವರೂ ಒಂದು ಸಂಜೆ ಆ ಬಂಡೆಯ ಮೇಲೆ ಕುಳಿತುಕೊಳ್ಳಬೇಕಿತ್ತು. ಶಿಳ್ಳೆ ಕಾರ್ಕಳಕ್ಕೆ ಕೇಳುವುದಿಲ್ಲ, ಕಡಲಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಆಪಿನಲ್ಲೇ ಒಂದು ಶಿಳ್ಳೆ ಮಾಡಲು ಹೊರಟೆ.

ಮೇಲೆ ಜಾಗ, ಅದರ ಕೆಳಗೆ ಹೊತ್ತು, ಕೊನೆಗೆ ಬಟನ್‌ಗಳು. 'ಬರ್ತೇನೆ', 'ಬರುದಿಲ್ಲ'. ಅಕ್ಕ ಬಗ್ಗಿ ನೋಡಿ, "'ನೋಡುವಾ' ಎಲ್ಲಿ?" ಎಂದಳು. ಅದನ್ನೂ ಸೇರಿಸಿದೆ.

ಆಪನ್ನು ಪರೀಕ್ಷಿಸಲು ಅಕ್ಕನ ಬೀದಿಯ ಭಜನಾ ಮಂಡಳಿಯನ್ನೂ ನಮ್ಮ ಮೂವರ ಗ್ರೂಪನ್ನೂ ಹಾಕಿದೆವು. ಮಂಡಳಿಯವರು ಮಧ್ಯಾಹ್ನದ ಊಟ ಇಟ್ಟುಕೊಂಡರು. ಒಬ್ಬರೂ ತಪ್ಪದೆ ಎಲ್ಲರೂ ಒತ್ತಿದ್ದು 'ನೋಡುವಾ'. ಅಡುಗೆಯವರು ಅಕ್ಕನಿಗೆ ಫೋನ್ ಮಾಡಿದರು. "ಎಂತ ಮಾರಾಯ್ತಿ ಇದು? ಅನ್ನಕ್ಕೆ ಅಕ್ಕಿ ಹಾಕುದಾ, ನೋಡುದಾ?"

ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ. ನೋಡುವಾ ಅನ್ನುತ್ತಾರೆ. ಅದರಲ್ಲಿ ಇಲ್ಲವೂ ಉಂಟು, ಹೌದೂ ಉಂಟು, ಈಗ ಆ ಸುದ್ದಿ ಬೇಡ ಎಂಬುದೂ ಉಂಟು. ಹುಡುಗಿ ಒಪ್ಪಿಗೆಯಾ ಎಂದು ಕೇಳಿದಾಗ ನೋಡುವಾ ಅಂದ ನನ್ನ ಚಿಕ್ಕಪ್ಪ, ಇವತ್ತಿನವರೆಗೂ ಬೇರೇನೂ ಹೇಳಿಲ್ಲ. ಅವರ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ.

ನಮ್ಮ ಗ್ರೂಪಿನಲ್ಲೂ ಅದೇ ಕಥೆ. ಬೋಟಿನವನ ಹೆಸರು ಬೂದು ಬಣ್ಣದಲ್ಲಿತ್ತು, ಅಂದರೆ ಸಿಗ್ನಲ್ ಇಲ್ಲ. ಕಾರ್ಕಳದವನು ಮೊದಲ ಆದಿತ್ಯವಾರಕ್ಕೂ ನೋಡುವಾ, ಮುಂದಿನದಕ್ಕೂ ನೋಡುವಾ. ಪಶ್ಚಿಮದಲ್ಲಿ ಮೋಡ ಕಟ್ಟುವುದಕ್ಕೆ ಶುರುವಾಗಿತ್ತು. ನನಗೆ ತಡೆಯಲಾಗಲಿಲ್ಲ. ಬಟನ್ನೇ ತೆಗೆದೆ.

"ಬೇಡ ಮಾರಾಯ," ಅಕ್ಕ ಹೇಳಿದಳು. "ಜನರಿಗೆ ಬೇಜಾರಾಗ್ತದೆ."

"ಅಕ್ಕ, ಬರುದಾದರೆ ಬರುದು, ಇಲ್ಲದಿದ್ದರೆ ಇಲ್ಲ. ಇದರಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಹೊಸ ಸ್ಕ್ರೀನಿನಲ್ಲಿ 'ಕಾಪು ಬಂಡೆ, ಆದಿತ್ಯವಾರ ಸಂಜೆ' ಎಂದು ಹಾಕಿ ಕಳಿಸಿದೆ. ಚಹಾ ಆರುವ ಮೊದಲೇ ಉತ್ತರ ಬಂತು. ಕಾರ್ಕಳದವನು: 'ಬರುದಿಲ್ಲ'. ಕೆಂಪು ಬಣ್ಣದಲ್ಲಿ. ಆ ಕೆಂಪನ್ನು ಆರಿಸಿದ್ದು ನಾನೇ, ಕುಂದಾಪುರದಿಂದಲೂ ಕಾಣಬೇಕು ಎಂದು.

ಅವನು ಜೀವಮಾನದಲ್ಲಿ ಯಾರಿಗೂ ಇಲ್ಲ ಅಂದವನಲ್ಲ. ಕ್ಲಾಸಿನಿಂದ ಹೊರಗೆ ಹೋಗು ಎಂದ ಮೇಷ್ಟ್ರಿಗೇ "ನೋಡುವಾ ಸರ್" ಅಂದವನು. ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದೆ. ನೋಡುವಾ ಎಂದು ಇದ್ದಷ್ಟು ದಿನ, ದಿನಾ ಬೆಳಿಗ್ಗೆ ಎದ್ದು ಇವತ್ತು 'ಬರ್ತೇನೆ'ಯ ಹಸಿರಾಗಿದೆಯಾ ಎಂದು ತೆರೆದು ನೋಡುತ್ತಿದ್ದೆ. ಈಗ ತೆರೆದು ನೋಡಲು ಏನೂ ಉಳಿದಿರಲಿಲ್ಲ.

ಮರುದಿನ ಮಂಡಳಿಯಲ್ಲಿ ಯುದ್ಧ. ಒಬ್ಬರ ಮನೆಯ ಪೂಜೆಗೆ ಪಕ್ಕದ ಮನೆಯವರು ಬೇರೆ ದಾರಿಯಿಲ್ಲದೆ 'ಬರುದಿಲ್ಲ' ಒತ್ತಿದ್ದರು, ಇಬ್ಬರೂ ಮಾತು ಬಿಟ್ಟಿದ್ದರು. ಅಕ್ಕ ನನ್ನನ್ನು ಕೇಳದೆಯೇ ಬಟನನ್ನು ವಾಪಸು ಹಾಕಿದಳು. ನಾನೂ ಅವಳನ್ನು ಕೇಳದೆಯೇ ಕಾರ್ಕಳದ ಬಸ್ಸು ಹತ್ತಿದೆ.

ಅವನು ಅಜ್ಜಿಮನೆಯ ಜಗಲಿಯಲ್ಲಿ ಕುಳಿತು ಹಲಸಿನ ತೊಳೆ ಬಿಡಿಸುತ್ತಿದ್ದ. ಮೊಣಕೈವರೆಗೆ ಎಣ್ಣೆ, ಗಲ್ಲದಲ್ಲಿ ಮೇಣ.

"ಎಂತ, ಹೇಳದೆ ಕೇಳದೆ ಬಂದದ್ದು?"

"ಹೇಳಿದ್ದರೆ ಇದಕ್ಕೂ ಕೆಂಪು ಒತ್ತುತ್ತಿದ್ದೆ ನೀನು."

ಅವನ ಅಜ್ಜಿ ಒಳಗಿನಿಂದಲೇ, "ಯಾರದು? ಆ ಶಿಳ್ಳೆಯವನಾ? ಇಲ್ಲಿ ಶಿಳ್ಳೆ ಹೊಡಿಬೇಡ ಅಂತ ಹೇಳು, ನಾಯಿಗಳೆಲ್ಲ ಬರ್ತವೆ, ಹಾಲು ಒಲೆಯಲ್ಲುಂಟು!" ಎಂದರು.

ಬೆಟ್ಟಕ್ಕೆ ಹೋಗುವಾ ಎಂದ. ಪೇಟೆಯಲ್ಲಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಗೊಮ್ಮಟನ ಬೆಟ್ಟದ ಮೆಟ್ಟಿಲು ಹತ್ತಿದೆವು. ನಾನು ಅರ್ಧದಲ್ಲೇ ಸತ್ತೆ, ಗೋಳಿಬಜೆಯ ಪರಿಮಳದಿಂದ ಮತ್ತೆ ಬದುಕಿದೆ. ತುದಿಯಲ್ಲಿ ಕಾದ ಕಲ್ಲಿನ ಮೇಲೆ ಕುಳಿತಾಗ ಅವನು ಕಾಗದದ ಎಣ್ಣೆಯನ್ನು ನೋಡುತ್ತ ಮಾತಾಡಿದ.

"ಕಾಪು ಬಂಡೆಗೆ ಹೋಗುವ ದಾರಿಯಲ್ಲೇ ನಮ್ಮ ಹಳೆ ಮನೆ ಅಲ್ವಾ. ಈಗ ಬೇರೆಯವರು ಇದ್ದಾರೆ. ಗೇಟಿಗೆ ನೀಲಿ ಬಣ್ಣ ಹೊಡೆದಿದ್ದಾರಂತೆ."

"ಹಸಿರು," ಅಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಹಸಿರಾ." ಕಾಗದದ ಅಂಚನ್ನು ಮಡಚಿದ. "ಅದರ ಎದುರಿಂದ ನಡೆದು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ. ಆದರೆ ಬರಬೇಕು ಅಂತ ಯಾವಾಗಲೂ ಇರ್ತದೆ. ನೋಡುವಾ ಅಂತ ಒತ್ತಿದರೆ ಆ ವಾರ ಪೂರ್ತಿ ನಾನೂ ಹೊರಟ ಹಾಗೆ ಇರ್ತದೆ. ಯಾವ ಅಂಗಿ ಹಾಕುದು ಅಂತ ಸಹ ಯೋಚನೆ ಮಾಡ್ತೇನೆ. ನೀನು ಅದನ್ನೂ ತೆಗೆದೆ."

ಕೊನೆಯ ಗೋಳಿಬಜೆಯನ್ನು ಅವನ ಕಡೆ ತಳ್ಳಿದೆ. ಅವನು ಅದನ್ನು ಮುರಿದು ದೊಡ್ಡ ತುಂಡನ್ನು ತಾನೇ ತಿಂದ. ಹಾಗಾಗಿ ಸಿಟ್ಟಿಲ್ಲ ಎಂದು ಗೊತ್ತಾಯಿತು.

ಪಶ್ಚಿಮದಲ್ಲಿ, ತೆಂಗಿನ ತಲೆಗಳೆಲ್ಲ ಮುಗಿಯುವಲ್ಲಿ, ಒಂದು ತೆಳ್ಳಗಿನ ಬೂದು ಗೆರೆ ಕಾಣುತ್ತಿತ್ತು.

"ಅದು ಕಡಲು," ಅವನೆಂದ.

"ಅದು ಮೋಡ."

"ನಾನು ದಿನಾ ನೋಡುದು. ಕಡಲೇ."

"ಹಾಗಾದರೆ ಅವನ ಬೋಟು ತೋರಿಸು."

ಅವನು ಕಣ್ಣು ಕಿರಿದು ಮಾಡಿ, ಎಣ್ಣೆ ಬೆರಳು ಚಾಚಿದ. "ಅಗೋ ಅಲ್ಲಿ. ಮಾವ ಬಲೆ ಎಳಿತಾ ಇದ್ದಾರೆ, ಇವ ಮೂಲೆಯಲ್ಲಿ ಬಿದ್ದುಕೊಂಡು ಗೊರಕೆ ಹೊಡಿತಿದ್ದಾನೆ."

"ಬಾಯಿ ಕಳೆದು."

"ಬಾಯಿ ಕಳೆದೇ. ಒಂದು ಬಂಗುಡೆ ಮೀನು ಒಳಗೆ ಹೋಗಿ ಪಾಪ, ವಾಪಸು ಬಂತು."

ನಗು ನಿಂತ ಮೇಲೂ ಇಬ್ಬರೂ ಅತ್ತಲೇ ತಿರುಗಿ ಕುಳಿತಿದ್ದೆವು. ಬಿಸಿಲು ಇಳಿದು ಕಣ್ಣಿಗೆ ಹೊಡೆಯತೊಡಗಿತು, ಗೆರೆ ಇದೆಯೋ ಇಲ್ಲವೋ ತಿಳಿಯದಾಯಿತು. ಅವನು ಹಣೆಗೆ ಕೈ ಅಡ್ಡ ಹಿಡಿದ. ನಾನೂ ಹಿಡಿದೆ.