ಅಮ್ಮನ ಅಳತೆಕೋಲು

ಬೀದಿಯವರು ಅವನನ್ನು ಮಸಿಯಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಪ್ರಿಂಟರ್ ರಿಪೇರಿ ಮಾಡಿದವನ ಬೆರಳಿನ ಮಸಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಹೆಬ್ಬೆರಳು ನೀಲಿಯೇ.

ಅಂಗಡಿಯ ಗೋಡೆಯಾಚೆಗೆ ಅಕ್ಕನ ಹೊಲಿಗೆ ಕೋಣೆ. ಅಮ್ಮನ ಮಿಷನ್ನು, ಅಮ್ಮನ ಎರಡಡಿಯ ಮರದ ಅಳತೆಕೋಲು ಎರಡೂ ಅಕ್ಕನ ಪಾಲಿಗೆ ಬಂದಿದ್ದವು. ಅಂಕಿ ಅಳಿಸಿಹೋದಾಗಲೆಲ್ಲ ಅಮ್ಮ ತಾನೇ ಮಸಿಯಲ್ಲಿ ತಿದ್ದುತ್ತಿದ್ದಳು. ಅವಳ ಎಂಟಕ್ಕೆ ತಲೆ ಚಿಕ್ಕದು, ಹೊಟ್ಟೆ ದೊಡ್ಡದು. ಅವನು ಎಣಿಕೆ ಕಲಿತದ್ದು ಆ ಕೋಲಿನ ಮೇಲೆ. ಬಗ್ಗಿ ಕೂತರೆ ಅಮ್ಮ ಮಿಷನ್ ತುಳಿಯುತ್ತಲೇ ಅದರಿಂದ ಬೆನ್ನಿಗೆ ತಿವಿಯುತ್ತಿದ್ದಳು: “ನೆಟ್ಟಗೆ ಕೂತ್ಕೊಳ್ಳೋ, ಗೂನಪ್ಪ!”

ಒಂದು ದಿನ ಅಕ್ಕ ನೋಡದೆ ಕೋಲಿನ ಮೇಲೆ ಕುಳಿತಳು. ಎರಡು ತುಂಡು. ಅಂದು ಮಿಷನ್ನಿಗೆ ಹೊದಿಸಿದ ಬಟ್ಟೆಯನ್ನು ಅವಳು ತೆಗೆಯಲೇ ಇಲ್ಲ. ಮಸಿಯಣ್ಣ ಸ್ಟೀಲಿನ ಕೋಲು ತಂದುಕೊಟ್ಟ.

“ಇದ್ರಲ್ಲಿ ಏನು ಕತ್ತರಿಸಿದ್ರೂ ಸರಿ ಬರಲ್ಲ ಕಣೋ,” ಎಂದಳು.

ಮಿಷನ್ನಿನ ಸದ್ದಿನ ಪಕ್ಕದಲ್ಲೇ ಬೆಳೆದವನಿಗೆ ಗೋಡೆಯಾಚೆಯ ಮೌನ ಸಹಿಸಲಾಗಲಿಲ್ಲ. ಅಮ್ಮನ ಅಂಕಿಗಳನ್ನೇ ಹೊಸ ಮರದ ಕೋಲಿಗೆ ಅಚ್ಚು ಹಾಕೋಣವೆಂದು ಮೂಲೆಯಲ್ಲಿದ್ದ ಇಂಕ್‌ಜೆಟ್ ಪ್ರಿಂಟರ್ ಬಿಚ್ಚಿದ. ಕಾಗದಕ್ಕೆಂದೇ ಹುಟ್ಟಿದ ಅದರ ಬಾಯಿಗೆ ಹಲಗೆ ಹಿಡಿಸಬೇಕು. ಇಂಕಿನ ಹೆಡ್ ಓಡಾಡುವ ಸರಳನ್ನು ವಾಷರ್ ಕೊಟ್ಟು ಎತ್ತರಿಸಿದ. ಮೇಜಿನ ಡ್ರಾಯರ್ ಹಳಿ ಕಿತ್ತು ಕೂರಿಸಿ, ಅದರ ಮೇಲಿನ ತಟ್ಟೆಯನ್ನು ರೋಲರಿನ ಮೋಟಾರು ಎಳೆಯುವಂತೆ ಬೆಲ್ಟು ಹಾಕಿದ. ಸೆನ್ಸರಿಗೆ ಒಂದು ರಟ್ಟು ತೋರಿಸಿ, ಕಾಗದ ಬಂತೆಂದು ನಂಬಿಸಿದ. ಮೊದಲ ಹಲಗೆಗೆ ಹೆಡ್ ಬಡಿಯಿತು. ಎರಡನೆಯದರಲ್ಲಿ ಇಂಕು ಹರಡಿ ಎಂಟರ ಅಂಕಿ ಕುಂಬಳಕಾಯಿಯಾಯಿತು. ಮೂರನೆಯದಕ್ಕೆ ಇಂಕು ಹರಡದಂತೆ ತೆಳ್ಳಗೆ ಗೋಂದು ಸವರಿ ಒಣಗಿಸಿದ. ಅಮ್ಮನ ಅಂಕಿಗಳು ಒಂದೊಂದಾಗಿ ಮೂಡುವಾಗ ಅವನಿಗೆ ಅಳುವೇ ಬಂತು.

ಹಳೆಯ ತುಂಡುಗಳನ್ನು ಸ್ಕ್ಯಾನ್ ಮಾಡುವಾಗ ತುದಿ ಸವೆದು ಮೊದಲ ಇಂಚು ಕಾಲಿಂಚಿನಷ್ಟು ಗಿಡ್ಡವಾಗಿದ್ದುದನ್ನು ಕಂಡಿದ್ದ. ಮಹಾ ಅಚ್ಚುಕಟ್ಟಿನವನಲ್ಲವೇ, ಅದನ್ನು ಸರಿಪಡಿಸಿಯೇ ಅಚ್ಚು ಹಾಕಿದ್ದ.

ಅಕ್ಕ ಕೋಲನ್ನು ಕೆನ್ನೆಗೊತ್ತಿಕೊಂಡಳು. ಮಿಷನ್ನಿನ ಹೊದಿಕೆ ಸರಿಯಿತು. ವಾರ ಕಳೆಯುವುದರೊಳಗೆ ಎದುರುಮನೆ ಟೀಚರಮ್ಮ ಹೊಸ ರವಿಕೆ ಹಿಡಿದು ಬಂದರು.

“ನಾನೇನು ಅಷ್ಟು ಸೊರಗಿದೀನಾ? ಇದ್ರೊಳಗೆ ನಮ್ಮತ್ತೇನೂ ಹಿಡಿಸ್ತಾರೆ!”

ಅವರ ಹಿಂದೆಯೇ ಇನ್ನೂ ಇಬ್ಬರು. ಅಕ್ಕನ ಮುಖ ಬಾಡಿತು. “ನನ್ನ ಕೈ ಹೋಯ್ತು ಕಣೋ. ಇನ್ನು ಸಾಕು.”

“ನನ್ನೆದುರಿಗೆ ಒಂದ್ಸಲ ಗುರುತು ಹಾಕು, ನೋಡೋಣ.”

ಹದಿನೈದಕ್ಕೆ ಗುರುತು ಹಾಕಬೇಕಾದವಳು, ಗೆರೆಯಿಂದ ಉಗುರಿನಷ್ಟು ಆಚೆಗೆ ಸೀಮೆಸುಣ್ಣ ಎಳೆದಳು.

“ಆಚೆಗೆ ಯಾಕೆ?”

“ಅಮ್ಮ ಹಂಗೇ ಹಾಕ್ತಿದ್ಲಲ್ಲ.”

ಮಸಿಯಣ್ಣ ತಲೆ ಚಚ್ಚಿಕೊಂಡ. ಕೋಲು ಸವೆದಷ್ಟನ್ನು ಅಮ್ಮನ ಕೈ ತುಂಬಿಸಿಕೊಡುತ್ತಿತ್ತು. ಅಕ್ಕನ ಕೈ ಕಲಿತದ್ದೂ ಅದನ್ನೇ; ಸವೆಯದ ಕೋಲಿನಲ್ಲಿ ಅದೇ ಹೆಚ್ಚಾಗುತ್ತಿತ್ತು.

“ಇನ್ಮೇಲೆ ಗೆರೆ ಮೇಲೇ ಹಾಕು.”

ಅವಳು ನಾಲ್ಕು ಸಲ ಪ್ರಯತ್ನಿಸಿದಳು. ನಾಲ್ಕು ಸಲವೂ ಸೀಮೆಸುಣ್ಣ ಆಚೆಗೇ ಹೋಯಿತು.

“ಕೈ ನನ್ನ ಮಾತು ಕೇಳಲ್ಲ ಕಣೋ,” ಎಂದಳು, ಕಣ್ಣು ತುಂಬಿಕೊಂಡು.

ಅವನು ಗರಗಸ ತಂದ. ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿದ ಕೋಲಿನ ಮೊದಲ ಇಂಚಿನ ತುದಿಯಿಂದ ಕಾಲಿಂಚು ಕೊಯ್ದು, ಅಂಚು ಉಜ್ಜಿ ಕೈಗಿತ್ತ.

ಅಂದು ಸಂಜೆ ಗೋಡೆಯಾಚೆ ಮಿಷನ್ ಓಡತೊಡಗಿತು. ಯಾವುದೋ ಪ್ರಿಂಟರಿನೊಳಗೆ ತಲೆ ತೂರಿಸಿ ಬಗ್ಗಿದ್ದ ಮಸಿಯಣ್ಣ, ಬೆನ್ನು ನೆಟ್ಟಗೆ ಮಾಡಿ ಕುಳಿತ.