ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಮೊದಲು ಬಂದದ್ದು ಬೆನ್ನುನೋವು.

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ. ಸೋಮವಾರ ನನ್ನ ಬಿ.ಎಸ್ಸಿ. ಕೊನೆಯ ವರ್ಷದ ಮೊದಲ ಪೇಪರ್. ಸ್ಟಡಿ ಹಾಲಿಡೇಸ್ ಎಂದು ಘಟ್ಟದ ಕೆಳಗಿನ ಹಾಸ್ಟೆಲ್ ಬಿಟ್ಟು ದೊಡ್ಡಗಾಜನೂರಿನ ಮನೆಗೆ ಬಂದು ಮೂರು ವಾರವಾಗಿತ್ತು. ಭಾನುವಾರದ ಬಸ್ಸಿಗೆ ಹೊರಡಬೇಕೆಂದು ಟ್ರಂಕು ತುಂಬಿಟ್ಟಿದ್ದೆ. ಹಾಲ್ ಟಿಕೆಟ್ ಎಲ್ಲದರ ಮೇಲೆ. ಜಗಲಿಯಲ್ಲಿ ಕೂತು ಕೆಮಿಸ್ಟ್ರಿ ಓದುತ್ತಿದ್ದಾಗ ಬೆನ್ನ ನಡುವೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಕೂತು ಕೂತು ಹಿಡಿದುಕೊಂಡಿದೆ ಎಂದುಕೊಂಡೆ. ಮಧ್ಯಾಹ್ನಕ್ಕೆ ಜ್ವರ. ಸಂಜೆ ಮೈ ಒರೆಸಿಕೊಳ್ಳುವಾಗ ಹೊಟ್ಟೆಯ ಮೇಲೆ ನಾಲ್ಕೈದು ಗುಳ್ಳೆ, ನೀರು ತುಂಬಿಕೊಂಡು ಹೊಳೆಯುತ್ತಿದ್ದವು.

ಅವ್ವನನ್ನು ಕರೆದು ತೋರಿಸಿದೆ. ಅವಳು ಒಲೆಯ ಮುಂದೆ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ನೋಡಿದವಳೇ ಹೋಗಿ ಬಾಣಲೆ ಇಳಿಸಿ, ಬೆಂಕಿಗೆ ನೀರು ಚೆಲ್ಲಿ ಬಂದಳು. ಬಂದು ಕೈ ಮುಗಿದಳು.

"ಬಂದ್ರಾ ತಾಯಿ?"

ನನಗೆ ಹೇಳಿದ್ದು ಅದು. ಇಪ್ಪತ್ತೊಂದು ವರ್ಷ "ಲೋ ನಂಜ" ಎಂದು ಕೂಗಿದ ಬಾಯಿ.

ನನಗೆ ಬಂದದ್ದು ಸೀತಾಳೆ ಸಿಡುಬು, ಡಾಕ್ಟರರ ಭಾಷೆಯಲ್ಲಿ ಚಿಕನ್ ಪಾಕ್ಸ್. ನಮ್ಮ ಮನೆಯಲ್ಲಿ ಅದನ್ನು ಕಾಯಿಲೆ ಎನ್ನುವ ಹಾಗಿಲ್ಲ. ಅಮ್ಮ ಮೈಮೇಲೆ ಬಂದು ಕೂತಿದ್ದಾಳೆ ಎನ್ನಬೇಕು. ಕೂತವಳನ್ನು ಮಾತ್ರೆ, ಸೂಜಿ ತೋರಿಸಿ ಎಬ್ಬಿಸಬಾರದು. ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಹೊರಗಿನವರು ಹೊಸ್ತಿಲು ದಾಟಬಾರದು. ಇಷ್ಟು ಬೇರೆ ಮನೆಗಳಲ್ಲೂ ಉಂಟು. ನಮ್ಮಲ್ಲಿ ಇನ್ನೊಂದಿತ್ತು, ಅವ್ವ ತವರಿನಿಂದ ತಂದದ್ದು. ಬೇವಿನೆಲೆ ಹಾಕಿದ ನೀರಲ್ಲಿ ಮೂರು ಸಲ ಮೀಯಿಸಿ ಅಮ್ಮನನ್ನು ಕಳಿಸಿಕೊಡುತ್ತಾರಲ್ಲ, ಆ ಮೂರನೆಯ ನೀರು ಆಗುವ ತನಕ ಮಲಗಿದವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದು. ಅಲ್ಲಿ ಮಲಗಿರುವುದು ಅವರಲ್ಲ.

ಅವ್ವನಿಗೆ ಒಬ್ಬ ತಮ್ಮನಿದ್ದ. ಅವಳು ಚಿಕ್ಕವಳಿದ್ದಾಗ ಅವನಿಗೆ ದೊಡ್ಡ ಸಿಡುಬು ಬಂತು. ಎರಡನೆಯ ನೀರು ಆಗಿ, ಅವನು ಎದ್ದು ಕೂತು ಗಂಜಿ ಕುಡಿದಿದ್ದನಂತೆ. ಆಡಲು ಬರಲೆಂದು ಇವಳು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದಳಂತೆ. "ಬಂದೆ ಕಣಕ್ಕ" ಎಂದನಂತೆ. ಮಾರನೆಯ ದಿನ ಅವನಿರಲಿಲ್ಲ. ಆ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಅದನ್ನು ಮತ್ತೆ ಹೇಳಿಲ್ಲ.

ಯೂನಿವರ್ಸಿಟಿಗೂ ಅದರದೇ ನೇಮಗಳಿದ್ದವು. ಪರೀಕ್ಷೆಯ ನಿಯಮಗಳ ಸಣ್ಣ ಪುಸ್ತಕವೊಂದನ್ನು ಅಡ್ಮಿಷನ್ ದಿನವೇ ನಮಗೆ ಕೊಟ್ಟಿದ್ದರು. ಯಾರೂ ಓದುವುದಿಲ್ಲ. ನಾನು ಓದಿದ್ದೆ, ಅದು ನನ್ನ ಚಾಳಿ. ತಕ್ಕ ಕಾರಣವಿಲ್ಲದೆ ಪರೀಕ್ಷೆ ತಪ್ಪಿಸಿದರೆ ಫೇಲಾದ ಹಾಗೆಯೇ. ಅಕ್ಟೋಬರಿನಲ್ಲಿ ಮತ್ತೆ ಕೂತು ಪಾಸಾದರೂ ಅರಿಯರ್ಸ್ ಎಂದೇ ಲೆಕ್ಕ, ಕ್ಲಾಸ್ ಕೊಡುವುದಿಲ್ಲ. ಕ್ಲಾಸ್ ಇಲ್ಲದವನಿಗೆ ಎಂ.ಎಸ್ಸಿ. ಸೀಟು ಕನಸಿನ ಮಾತು. ತಕ್ಕ ಕಾರಣವಿದ್ದರೆ ಮಾತ್ರ ಅಕ್ಟೋಬರಿನದನ್ನು ಮೊದಲ ಸಲ ಬರೆದಂತೆಯೇ ಪರಿಗಣಿಸುತ್ತಾರೆ. ತಕ್ಕ ಕಾರಣಗಳ ಪಟ್ಟಿಯಲ್ಲಿ ತೀವ್ರ ಕಾಯಿಲೆ ಇತ್ತು, ಅಪಘಾತ ಇತ್ತು. ದೇವರು ಮೈಮೇಲೆ ಬರುವುದು ಇರಲಿಲ್ಲ. ಸರ್ಕಾರಿ ಡಾಕ್ಟರು ಖುದ್ದಾಗಿ ರೋಗಿಯನ್ನು ಕಂಡು, ಆ ದಿನಗಳಲ್ಲಿ ಕಾಯಿಲೆ ಇತ್ತೆಂದು ಸರ್ಟಿಫಿಕೇಟ್ ಬರೆಯಬೇಕು. ಕೊನೆಯ ಪೇಪರ್ ಮುಗಿದ ವಾರದೊಳಗೆ ಅದು ಪ್ರಿನ್ಸಿಪಾಲರ ಕೈ ಸೇರಬೇಕು.

ಗಂಟಲೊಳಗೆ ಗುಳ್ಳೆ ಏಳುವ ಮುಂಚೆ ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಅಪ್ಪ ದಿನವೂ ಲಿಂಗಪೂಜೆ ಮಾಡುವ ಮನುಷ್ಯ, ಆದರೆ ಕಾಗದಪತ್ರದ ಬೆಲೆ ತಿಳಿದವನು. "ಔಸ್ದಿ ಬ್ಯಾಡ. ಡಾಕ್ಟ್ರು ಬಾಗ್ಲಲ್ಲೇ ನಿಂತ್ಕಂಡು ಒಂದ್ಸಲ ನೋಡ್ಕಂಡು ಓಗ್ಲಿ," ಎಂದ. ತಾಳವಾಡಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ ಡಾಕ್ಟರರಿಗೆ ಹೇಳಿ ಬಂದ. ಗುರುವಾರ ಬರುತ್ತೇನೆಂದು ಅವರು ಒಪ್ಪಿದರು.

ಇದನ್ನು ಅಪ್ಪ ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಎಂದು.

ನಡುಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಕಿಟಕಿಗೆ ಗೋಣಿ ಕಟ್ಟಿದ್ದರು. ಗುಳ್ಳೆ ಕಣ್ಣಿನ ರೆಪ್ಪೆಗೂ, ನಾಲಿಗೆಗೂ ಬಂದಿತ್ತು. ಆ ಮಬ್ಬಿನಲ್ಲಿ ಒಂದೊಂದಾಗಿ ವಸ್ತುಗಳು ಬದಲಾಗುವುದನ್ನು ನೋಡಿದೆ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದ್ದರು. ನನ್ನ ಹೆಸರು ಬರೆಸಿದ್ದ ಟ್ರಂಕನ್ನೂ ತಿರುಗಿಸಿದ್ದರು. ಲೇಬಲ್ ಅಂಟಿಸಿದ ನೋಟ್‌ಬುಕ್ಕುಗಳು ಕಾಣಲಿಲ್ಲ. ಫೋಟೋ ಅಂಟಿಸಿದ ಹಾಲ್ ಟಿಕೆಟ್ ಕಾಣಲಿಲ್ಲ. ನಾನು ಇನ್ನೂ ಮಲಗಿರುವಾಗಲೇ ಮನೆಯಿಂದ ನನ್ನನ್ನು ಖಾಲಿ ಮಾಡುತ್ತಿದ್ದರು. ಅವ್ವ ಬಂದು "ಎಳ್ನೀರು ಕುಡೀರಿ ತಾಯಿ" ಎನ್ನುತ್ತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ, ನನ್ನ ಹಿಂದೆ ಯಾರೋ ಇರುವಂತೆ ಅತ್ತ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮೂಲೆಯಲ್ಲಿ ಅವನನ್ನು ಕಂಡೆ.

ನನ್ನ ಒಗೆದ ಬಿಳಿ ಶರಟು ಹಾಕಿಕೊಂಡು, ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು ಕೂತಿದ್ದ. ಮುಖ ನನ್ನದೇ. ಗುಳ್ಳೆಯಿಲ್ಲದ, ಎಣ್ಣೆ ಹಾಕಿ ತಲೆ ಬಾಚಿದ ಮುಖ. ಹಾಳೆ ತಿರುವುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಜ್ವರದ ತಲೆಗೆ ಹೀಗೆಲ್ಲ ಕಾಣುತ್ತದೆ ಎಂದು ನನಗೂ ಗೊತ್ತು, ನಾನು ಸೈನ್ಸ್ ಓದಿದವನು. ಆಗ ಹೆದರಿಕೆಯೂ ಆಗಲಿಲ್ಲ. ಅವನು ಎದ್ದು, ಪುಸ್ತಕ ಮುಚ್ಚಿ, ಹೊಸ್ತಿಲು ದಾಟಿ ಹೋದಾಗ ಸಮಾಧಾನವೇ ಆಯಿತು. ಪರೀಕ್ಷೆಗೆ ಹೊರಟ, ಸದ್ಯ, ಎಂದುಕೊಂಡು ಕಣ್ಣು ಮುಚ್ಚಿದೆ.

ಗುರುವಾರ ಬರಬೇಕಿದ್ದ ಡಾಕ್ಟರು ಬುಧವಾರವೇ ಬಂದರು. ಬೇರೊಂದು ಊರಿಗೆ ಹೋಗಿದ್ದವರು ದಾರಿಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರಂತೆ. ಅಪ್ಪ ಮನೆಯಲ್ಲಿರಲಿಲ್ಲ. ನನಗೆ ಕಾಯಿಲೆಯೆಂದು ಪ್ರಿನ್ಸಿಪಾಲರಿಗೆ ಬರೆದ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹಾಸನೂರಿಗೆ ಹೋಗಿದ್ದ. ಡಾಕ್ಟರು ಘಟ್ಟದ ಕೆಳಗಿನ ತಮಿಳು ಸೀಮೆಯವರು, ತಮಿಳಿನಲ್ಲಿ ಕೇಳಿದರು. ಅವ್ವನಿಗೆ ತಮಿಳು ಸಲೀಸಾಗಿ ಬರುತ್ತದೆ, ಆದ್ದರಿಂದ ತಪ್ಪು ತಿಳಿಯುವ ಮಾತೇ ಇಲ್ಲ.

"ಶಿವನಂಜಪ್ಪ ಅನ್ನೋ ಸ್ಟೂಡೆಂಟ್ ಮನೆ ಇದೇನಾ?"

ನಾನು ಒಳಗೆ ಮೈಯೆಲ್ಲ ಕಿವಿಯಾಗಿ ಮಲಗಿದ್ದೆ. ಅವ್ವನ ದನಿ ಬಂತು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಸ್ವಾಮಿ."

"ಒಳಗೆ ಯಾರೋ ಮಲಗಿದ್ದಾರಲ್ಲ?"

ಅವ್ವ ಬಾಗಿಲು ಹಾಕಿಕೊಂಡಳು.

ಕೂಗಬೇಕಿತ್ತು. ಗಂಟಲು ಕಟ್ಟಿತ್ತು, ನಿಜ. ಆದರೆ ಗೋಡೆ ಬಡಿಯಬಹುದಿತ್ತು, ಚೊಂಬು ಉರುಳಿಸಬಹುದಿತ್ತು. ಮಾಡಲಿಲ್ಲ. ಹೆತ್ತವಳೇ ಅಷ್ಟು ಖಚಿತವಾಗಿ ಇಲ್ಲ ಎಂದ ಮೇಲೆ ಬಡಿಯುವ ಕೈ ಯಾರದು ಎಂದು ನನಗೆ ತಿಳಿಯಲಿಲ್ಲ. ಮೂಲೆಯತ್ತ ನೋಡಿದೆ. ಬಿಳಿ ಶರಟಿನವನು ವಾಪಸು ಬಂದಿದ್ದ. ಅವನೂ ಬಾಗಿಲ ಕಡೆಗೇ ಕಿವಿ ಕೊಟ್ಟು ನಿಂತಿದ್ದ. ಆಗ ಮಾತ್ರ ನನಗೆ ಭಯವಾಯಿತು. ಈ ಕಾಯಿಲೆಯಲ್ಲಿ ನಾನು ಅತ್ತದ್ದು ಅದೊಂದೇ ಸಲ, ಉಪ್ಪು ತಗುಲಿ ಗುಳ್ಳೆಗಳೆಲ್ಲ ಉರಿದವು.

ಪೇಪರುಗಳು ಒಂದೊಂದಾಗಿ ಮುಗಿದವು. ಗುಳ್ಳೆ ಒಣಗಿದವು. ಎರಡನೆಯ ವಾರದ ಮಂಗಳವಾರ ಮೊದಲ ನೀರು, ಶುಕ್ರವಾರ ಎರಡನೆಯದು. ಮೂರನೆಯದು ಮುಂದಿನ ಮಂಗಳವಾರ ಎಂದು ಅವ್ವ ಗೊತ್ತು ಮಾಡಿದಳು. ಪ್ರಿನ್ಸಿಪಾಲರಿಗೆ ಸರ್ಟಿಫಿಕೇಟ್ ಮುಟ್ಟಿಸಲು ಕೊನೆಯ ದಿನ ಅದರ ಹಿಂದಿನ ಸೋಮವಾರ.

ಬಾಗಿಲಲ್ಲಿ ನಡೆದದ್ದನ್ನು ಅಪ್ಪನಿಗೆ ಅವ್ವನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಡಾಕ್ಟರು ಬುಧವಾರವೇ ಬಂದಿದ್ದರೆಂದು ಊರವರಿಂದ ಕೇಳಿ, ನೋಡಿ ಹೋಗಿರಬೇಕೆಂದು ನಂಬಿದ್ದ ಅಪ್ಪ ಶನಿವಾರ ಸರ್ಟಿಫಿಕೇಟ್ ಕೇಳಲು ತಾಳವಾಡಿಗೆ ಹೋದ. ಬರಿಗೈಲಿ ಬಂದ. ಡಾಕ್ಟರು ತಮ್ಮ ರಿಜಿಸ್ಟರ್ ತೆಗೆದು ತೋರಿಸಿದರಂತೆ. ಬುಧವಾರದ ಸಾಲಿನಲ್ಲಿ, ಆ ಹೆಸರಿನ ರೋಗಿ ಮನೆಯಲ್ಲಿ ಇಲ್ಲ ಎಂದು ಬರೆದಿತ್ತಂತೆ. ಪರೀಕ್ಷೆ ಬಂದಾಗಲೆಲ್ಲ ಸುಳ್ಳು ಸರ್ಟಿಫಿಕೇಟ್ ಕೇಳಿಕೊಂಡು ಬರುವವರನ್ನು ಕಂಡು ಅವರಿಗೆ ರೋಸಿಹೋಗಿತ್ತು. ಹುಡುಗನೂ ಬರಲಿ, ಅವತ್ತು ಇಲ್ಲ ಎಂದ ಆಯಮ್ಮನೂ ಬರಲಿ, ಒಳಗಿದ್ದದ್ದು ಯಾರು ಎಂದು ತಮ್ಮೆದುರು ಹೇಳಲಿ, ಆಮೇಲೆ ನೋಡೋಣ ಎಂದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಅಪ್ಪ ಅಂಗಳದಲ್ಲಿ ನಿಂತೇ ರೇಗಿದ. "ಏನ್ ಮಾಡ್ಬುಟ್ಟೆ ಕಣಮ್ಮಿ! ಸೋಮಾರ ಬಂದು ಡಾಕ್ಟ್ರು ಮುಂದೆ ಅವ್ನ್ ಎಸರು ಏಳು, ಸಾಕು. ಇಲ್ದಿದ್ರೆ ಮೂರ್ ವರ್ಸ ಓದಿದ್ದೆಲ್ಲ ಒಳೇಲಿ ಉಣ್ಸೆಣ್ಣು ತೊಳ್ದಂಗೆ."

"ಮಂಗ್ಳಾರ ಆಗ್ಲಿ. ಆಮ್ಯಾಕೆ ನೂರ್ ಸಲ ಏಳ್ತೀನಿ."

"ಮಂಗ್ಳಾರ ಏಳಿದ್ರೆ ಯಾರಿಗ್ ಬೇಕು? ಅವ್ನು ಸುಮ್ನೆ ಮನೇಲಿ ಕುಂತ್ಕಬೇಕಾಯ್ತದೆ."

"ಕುಂತ್ಕಂಡ್ರೆ ಜೀವ ಇರ್ತದೆ ಕಣಿ," ಎಂದಳು ಅವ್ವ. "ಎಸರು ಕರ್ದು ಕಳ್ಕಂಡೋಳು ನಾನು. ನೀವಲ್ಲ."

ಅಪ್ಪ ಕೈಚೆಲ್ಲಿ ಜಗಲಿಯ ಮೇಲೆ ಕೂತ. ನನಗೆ ಇಬ್ಬರ ಮಾತೂ ಸರಿ ಎನಿಸಿತು, ಅದೇ ಕಷ್ಟ.

ಭಾನುವಾರ ಮಧ್ಯಾಹ್ನ ಅವ್ವ ಗಂಜಿ ತಂದಿಟ್ಟಳು. ಎಂದಿನಂತೆ ನನ್ನ ಹಿಂದೆ ಎಲ್ಲೋ ನೋಡುತ್ತಿದ್ದಳು. ಆ ವೇಳೆಗೆ ಮೈಯಲ್ಲಿ ಜ್ವರವಿರಲಿಲ್ಲ, ತಲೆ ತಿಳಿಯಾಗಿತ್ತು. ಆದರೂ ಮೂಲೆಯಲ್ಲಿ ಆಗಾಗ ಹಾಳೆಯ ಸದ್ದು ಬರುತ್ತಿತ್ತು. ಅದು ಜ್ವರದ ಜೊತೆ ಹೋಗಬೇಕಿತ್ತು, ಹೋಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ.

"ಅವ್ವ, ಇಲ್ಲಿ ಮನ್ಗಿರೋದು ಯಾರು?"

ಅವಳು ಗಂಜಿಯ ಬಟ್ಟಲನ್ನು ನನ್ನತ್ತ ಸರಿಸಿದಳು.

"ಇಲ್ಲ ಅಂತ ನೀನೇ ಏಳ್ಬುಟ್ಟೆ. ಅವತ್ತಿಂದ ನನಗೂ ಗೊತ್ತಾಯ್ತಿಲ್ಲ ಕಣವ್ವ. ನಾನು ಇವ್ನೋ, ಅಲ್ಲಿ ಕುಂತಿರೋನೋ."

ಮೂಲೆಯ ಕಡೆ ಬೆರಳು ತೋರಿಸಿದೆ. ಅವ್ವ ಅತ್ತ ತಿರುಗಲಿಲ್ಲ. ಹದಿನಾರು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಗಂಜಿ ಆರಿಹೋಯಿತು.

ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಲು ಅಪ್ಪನಿಗೆ ಹೇಳಿದವಳು ಅವಳೇ. ಗಾಡಿಯ ತುಂಬ ಬೇವಿನ ಸೊಪ್ಪು ಹಾಸಿದಳು. ನನ್ನ ಪಕ್ಕ ಕೂರಲಿಲ್ಲ. ತಾಳವಾಡಿಯವರೆಗೂ ಗಾಡಿಯ ಹಿಂದೆ ನಡೆದೇ ಬಂದಳು. ನಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಅವಳ ತುಟಿ ಅಲ್ಲಾಡುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದಳೋ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಬೆಂಚಿನ ಮೇಲಿದ್ದವರೆಲ್ಲ ಎದ್ದು ಹೊರಗೆ ಹೋದರು. ಕೋಣೆ ಖಾಲಿಯಾಯಿತು. ಡಾಕ್ಟರು ರಿಜಿಸ್ಟರ್ ಬಿಚ್ಚಿಟ್ಟುಕೊಂಡು ಅವ್ವನನ್ನು ಕೇಳಿದರು.

"ಅವತ್ತು ಒಳಗೆ ಮಲಗಿದ್ದದ್ದು ಯಾರಮ್ಮ?"

ಅವ್ವ ಸೆರಗಿನಿಂದ ಬೇವಿನೆಲೆ ತೆಗೆದು ಬಾಯಿಗೆ ಹಾಕಿಕೊಂಡು ಅಗಿದಳು. ಮೇಲೆ ನೋಡಿ, "ತಾಯಿ, ತಪ್ಪಾದ್ರೆ ನನ್ನ ಮ್ಯಾಲೆ ಬಾ, ಅವ್ನ ಮ್ಯಾಲಲ್ಲ," ಎಂದಳು. ಆಮೇಲೆ, ಯಾವತ್ತೂ ಪೂರ್ತಿ ಕರೆಯದ ನನ್ನ ಹೆಸರನ್ನು ಪೂರ್ತಿಯಾಗಿ ಹೇಳಿದಳು.

"ಶಿವನಂಜಪ್ಪ. ನನ್ ಮಗ ಶಿವನಂಜಪ್ಪ. ಒಳ್ಗೆ ಮನ್ಗಿದ್ದೋನು ಇವ್ನೇ ಕಣಿ ಸ್ವಾಮಿ. ಇಲ್ಲ ಅಂದಿದ್ದು ನಾನು."

"ಹೂಂ," ಎಂದಿತು ಒಂದು ದನಿ.

ನಾನು ಬಾಯಿ ತೆರೆದಿರಲಿಲ್ಲ. ತಿರುಗಿ ನೋಡಿದೆ. ಸುಣ್ಣ ಹೊಡೆದ ಗೋಡೆ, ಖಾಲಿ ಬೆಂಚು. ಡಾಕ್ಟರು ತಲೆಯೆತ್ತಲಿಲ್ಲ, ಅವ್ವನೂ ಅಲುಗಲಿಲ್ಲ. ಡಾಕ್ಟರೇ ಅಂದಿರಬಹುದು. ನಾನೇ ಅಂದು ಮರೆತಿರಬಹುದು. ಅವಸರವಾಗಿ, ಜೋರಾಗಿ, "ನಾನೇ ಸರ್, ನಾನೇ ಶಿವನಂಜಪ್ಪ," ಎಂದೆ.

ಡಾಕ್ಟರು ಕಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದಿನಗಳು ಹೊಂದುತ್ತವೆ ಎಂದರು. ಬುಧವಾರದ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿ, ಸರ್ಟಿಫಿಕೇಟ್ ಬರೆದುಕೊಟ್ಟರು. ಅಪ್ಪ ಅದನ್ನು ಹಿಡಿದು ಸತ್ಯಮಂಗಲದ ಬಸ್ಸಿಗೆ ಓಡಿದ. ಕಾಲೇಜಿನ ಆಫೀಸು ಮುಚ್ಚುವ ಹೊತ್ತಿಗೆ ಕೊಟ್ಟನಂತೆ.

ಮಾರನೆಯ ದಿನ ಮೂರನೆಯ ನೀರು ಆಯಿತು. ಅದಾದ ಮೂರು ದಿನ ಅವ್ವ ನನ್ನ ಮಗ್ಗುಲು ಬಿಟ್ಟು ಏಳಲಿಲ್ಲ, ಎದೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ನಾಲ್ಕನೆಯ ದಿನ ಒಲೆಯ ಮೇಲೆ ಸಾಸಿವೆ ಸಿಡಿಯಿತು. ಆ ಸದ್ದಿಗೆ ಇಬ್ಬರೂ ಬೆಚ್ಚಿಬಿದ್ದು, ಆಮೇಲೆ ನಕ್ಕೆವು. ಹಾಲ್ ಟಿಕೆಟ್ ರಾಗಿಯ ಮಡಕೆಯಲ್ಲಿ ಸಿಕ್ಕಿತು.

ಜೂನ್‌ನಲ್ಲಿ ಯೂನಿವರ್ಸಿಟಿಯ ಕಾಗದ ಬಂತು. ಅಕ್ಟೋಬರಿನಲ್ಲಿ ಬರೆಯಬಹುದು, ಮೊದಲ ಸಲ ಎಂದೇ ಪರಿಗಣಿಸಲಾಗುವುದು. ಬರೆದೆ. ಮೊನ್ನೆ ಫಲಿತಾಂಶ ಬಂದಿದೆ, ಫಸ್ಟ್ ಕ್ಲಾಸ್. ಡಾಕ್ಟರರಿಗೂ, ಬಸ್ಸಿಗೂ, ಆ ಸಣ್ಣ ಪುಸ್ತಕ ಬರೆದ ಪುಣ್ಯಾತ್ಮನಿಗೂ ನಾನು ಋಣಿ. ಅವ್ವ ಅವತ್ತು ಏನನ್ನು ಪಣಕ್ಕಿಟ್ಟಳು ಎಂಬುದು ಯಾವ ಅರ್ಜಿಯ ಯಾವ ಕಾಲಂನಲ್ಲೂ ಹಿಡಿಸುವುದಿಲ್ಲ.

ಈಗ ಅವ್ವನಿಗೆ ಹೊಸ ಅಭ್ಯಾಸ. ಹಿತ್ತಿಲಲ್ಲಿ ಕೆಲಸ ಮಾಡುತ್ತಿರುವಾಗ ಸುಮ್ಮಸುಮ್ಮನೆ ಕೂಗುತ್ತಾಳೆ, "ಲೋ ನಂಜಾ!" ಹೋದರೆ, "ಏನಿಲ್ಲ ಕಣ್ಲಾ, ಇದ್ದೀಯಾ ಅಂತ ಕರ್ದೆ," ಎನ್ನುತ್ತಾಳೆ. "ಇವ್ನಿ ಕಣವ್ವ," ಎನ್ನುತ್ತೇನೆ. ಅವಳಿಗೆ ಅಷ್ಟು ಸಾಕು.

ನನ್ನದೂ ಒಂದು ಅಭ್ಯಾಸವಿದೆ, ಅವಳಿಗೆ ಹೇಳಿಲ್ಲ. ಅವಳು ಕೂಗಿದ ತಕ್ಷಣ ನಾನು ಓಗೊಡುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತೇನೆ, ನನಗಿಂತ ಮುಂಚೆ ಬೇರೆ ಯಾರೂ ಓಗೊಡುವುದಿಲ್ಲ ಎಂದು ಖಾತ್ರಿಯಾಗಲಿ ಎಂದು.